ಬೋಟ್ ಶೋ ಮಳಿಗೆಯಲ್ಲಿ ಗಿರಾಕಿಗೆ ಗಂಟುಬೀಳದೆ ಮಾರುವುದು ಹೇಗೆ?

ಪ್ರಶ್ನೆ: ಮಂಗಳೂರು ಬಂದರಿನಲ್ಲಿ ನಮ್ಮದು ಬೋಟ್ ಸಾಮಾನಿನ ಅಂಗಡಿ. ಫಿಶ್ ಫೈಂಡರ್, ವಯರ್‌ಲೆಸ್ ಸೆಟ್, ಬಿಲ್ಜ್ ಪಂಪ್ (ಬೋಟಿನೊಳಗೆ ಸೇರಿದ ನೀರು ಹೊರಹಾಕುವುದು), ಲೈಫ್ ಜಾಕೆಟ್, ಆನೋಡ್ (ತಾನು ಸವೆದು ಶಾಫ್ಟನ್ನು ಉಳಿಸುವ ಲೋಹದ ತುಂಡು) ಎಲ್ಲ ಇಡುತ್ತೇವೆ. ಕಳೆದ ವರ್ಷ ಒಂದು ಮೇಳದಲ್ಲಿ ಮಳಿಗೆ ಹಾಕಿ, ಮಾರಿದ್ದಕ್ಕೆ ಕಮಿಷನ್ ಎಂದು ಇಬ್ಬರು ಹುಡುಗರನ್ನು ನಿಲ್ಲಿಸಿದ್ದೆವು. ‘ಇವತ್ತು ಮಾತ್ರ ಈ ರೇಟು’ ಅಂತ ಹೇಳಿ ಚೆನ್ನಾಗಿಯೇ ಮಾರಿದರು. ತಿಂಗಳೊಳಗೆ ನಾಲ್ಕು ಫಿಶ್ ಫೈಂಡರ್ ವಾಪಸ್ ಬಂದವು, ಇಬ್ಬರು ಹಳೇ ಗಿರಾಕಿಗಳು ಮುಖ ಕೊಟ್ಟು ಮಾತಾಡುತ್ತಿಲ್ಲ. ಈ ಜನವರಿಯಲ್ಲಿ ಕೊಚ್ಚಿಯ ಬೋಟ್ ಶೋಗೆ 3 ಮೀಟರ್‌ಗೆ 3 ಮೀಟರ್ ಮಳಿಗೆ ಹಿಡಿದಿದ್ದೇವೆ. ಗಂಟುಬೀಳದೆ ಮಾರಲು ಆಗುತ್ತದೆಯೇ? ಖರ್ಚಾದರೂ ಹುಟ್ಟೀತೇ?

ಉತ್ತರ: ವಾಪಸ್ ಬಂದ ನಾಲ್ಕು ಸೆಟ್ಟುಗಳಿಂದಲೇ ಶುರುಮಾಡೋಣ. ಅವು ಕೆಟ್ಟು ಬಂದವೇ, ಬೋಟಿಗೆ ಹೊಂದದೆ ಬಂದವೇ? ಬಹುಪಾಲು ಎರಡನೆಯದೇ ಇರುತ್ತದೆ. ನಿಮ್ಮ ಅಂಗಡಿಯಲ್ಲಿ ಈ ತೊಂದರೆ ಕಡಿಮೆ, ಏಕೆಂದರೆ ಗಿರಾಕಿಯ ಬೋಟು ಬಂದರಿನ ಧಕ್ಕೆಯಲ್ಲೇ (ಬೋಟು ನಿಲ್ಲುವ ಕಟ್ಟೆಯಲ್ಲಿ) ಕಟ್ಟಿರುತ್ತದೆ. ಅನುಮಾನ ಬಂದರೆ ಹುಡುಗ ಟೇಪು ಹಿಡಿದು ಓಡಿಹೋಗಿ ನೋಡಿ ಬರುತ್ತಾನೆ. ಮೇಳದ ಮಳಿಗೆಯಲ್ಲಿ ಬೋಟೇ ಇಲ್ಲ, ಇರುವುದು ಮಾಲೀಕನ ನೆನಪು ಮಾತ್ರ. ಅದನ್ನು ಕೆದಕಿ ತೆಗೆಯುವಷ್ಟು ಹೊತ್ತನ್ನೂ ಕೊಡದೆ ಹಣ ಪಡೆದರೆ, ನೀವು ಮಾರಿದ್ದು ಒಂದು ಡಬ್ಬವನ್ನು. ಅದು ಯಾವ ಬೋಟಿಗೆ ಅನ್ನುವುದು ನಿಮಗೂ ಗೊತ್ತಿಲ್ಲ, ಅವನಿಗೂ ಗೊತ್ತಿಲ್ಲ. ಒತ್ತಡದ ಮಾರಾಟ ಕೆಟ್ಟದ್ದು ಅನ್ನುವುದು ಆಮೇಲಿನ ಮಾತು. ಈ ಸಾಮಾನಿಗೆ ಅದು ಒಗ್ಗುವುದೇ ಇಲ್ಲ.

ಫಿಶ್ ಫೈಂಡರನ್ನೇ ನೋಡಿ. ಪರದೆ ಎಲ್ಲ ಬೋಟಿಗೂ ಒಂದೇ. ಯಡವಟ್ಟಾಗುವುದು ತಳದಲ್ಲಿ ಕೂತು ನೀರಿಗೆ ಶಬ್ದ ಕಳಿಸಿ ಪ್ರತಿಧ್ವನಿ ಹಿಡಿಯುವ ಟ್ರಾನ್ಸ್‌ಡ್ಯೂಸರಿನಲ್ಲಿ. ಬೋಟಿನ ತಳದ ಒಳಮೈಗೆ ಅಂಟಿಸುವ ಬಗೆ ಗಟ್ಟಿ ಫೈಬರ್ ತಳಕ್ಕೆ ಮಾತ್ರ ಸರಿ. ಮರ, ಉಕ್ಕು ಅಥವಾ ನಡುವೆ ಫೋಮ್ ತುಂಬಿದ ಫೈಬರಿನಲ್ಲಿ ಶಬ್ದ ಆಚೆ ಹೋಗುವುದಿಲ್ಲ. ಮರದ ಬೋಟಿಗೆ ತೂತು ಕೊರೆದು ಕೂರಿಸುವುದಾದರೆ ಪ್ಲಾಸ್ಟಿಕ್ ಮೈಯದು ಕೂಡದು: ಮರ ನೀರು ಕುಡಿದು ಉಬ್ಬಿದಾಗ ಪ್ಲಾಸ್ಟಿಕ್ ಬಿರುಕು ಬಿಡುತ್ತದೆ, ಕಂಚಿನದೇ ಬೇಕು. ಅದೇ ಕಂಚನ್ನು ಉಕ್ಕಿನ ತಳಕ್ಕೆ ನೇರವಾಗಿ ತಾಗಿಸಿದರೆ ಸುತ್ತಲಿನ ಉಕ್ಕು ತಿನ್ನಿಸಿಕೊಳ್ಳುತ್ತದೆ. ಹಿಂಬದಿಗೆ ಸ್ಕ್ರೂ ಹೊಡೆಯುವ ಬಗೆಯದು ಹೊರಗೆ ತೂಗುವ ಎಂಜಿನ್, ಅಂದರೆ ಔಟ್‌ಬೋರ್ಡ್ ಇರುವ ಸಣ್ಣ ದೋಣಿಗೆ ಚೆಂದ. ಇನ್‌ಬೋರ್ಡ್ (ಎಂಜಿನ್ ಒಳಗಿರುವ) ಟ್ರಾಲ್ ಬೋಟಿನಲ್ಲಿ ಅದು ಪ್ರೊಪೆಲ್ಲರಿನ ಗುಳ್ಳೆಯಲ್ಲೇ ಮುಳುಗಿರುತ್ತದೆ, ಪರದೆ ತುಂಬ ಬರೀ ಗೀರು. ತಳದ ಇಳಿಜಾರು ಬೇರೆ ಇದೆ. ಓರೆ ಕೂರಿಸಿದ ಟ್ರಾನ್ಸ್‌ಡ್ಯೂಸರ್‌ಗಳು 12 ಮತ್ತು 20 ಡಿಗ್ರಿಯವು ಸಿಗುತ್ತವೆ. 20 ಡಿಗ್ರಿ ಇಳಿಜಾರಿನ ತಳಕ್ಕೆ ನೇರದ್ದನ್ನು ಹಾಕಿದರೆ ಕಿರಣ ಪಕ್ಕಕ್ಕೆ ಹೋಗಿ ಆಳವನ್ನೇ ಹೆಚ್ಚು ತೋರಿಸುತ್ತದೆ.

ಆಳದ ಪ್ರಶ್ನೆಯೂ ಅಷ್ಟೇ. 200 ಕಿಲೋಹರ್ಟ್ಸ್ ಶಬ್ದ ಕೊಡುವ ಚಿತ್ರ ಸ್ಪಷ್ಟ, ಆದರೆ ಉಪ್ಪುನೀರು ಅದನ್ನು ಬೇಗ ಹೀರುತ್ತದೆ. 50 ಕಿಲೋಹರ್ಟ್ಸ್ ಆಳಕ್ಕೆ ಇಳಿಯುತ್ತದೆ, ಆದರೆ ಹರಡಿಕೊಳ್ಳುತ್ತದೆ. 50 ಮೀಟರ್ ಆಳದಲ್ಲಿ 12 ಡಿಗ್ರಿಯ ಕಿರಣ ತಳದ ಮೇಲೆ ಸುಮಾರು 10 ಮೀಟರ್ ಅಗಲವನ್ನು ನೋಡುತ್ತದೆ, 45 ಡಿಗ್ರಿಯದು 41 ಮೀಟರ್ ಅಗಲವನ್ನು. ಈ ಎರಡು ಅಂಕಿಯನ್ನು ಒಂದು ಹಾಳೆಯಲ್ಲಿ ಚಿತ್ರ ಬರೆದು ತೂಗುಹಾಕಿ. ತಂಡೇಲನಿಗೆ (ಬೋಟು ನಡೆಸುವವನಿಗೆ) ಹೆಚ್ಚು ವಿವರಣೆ ಬೇಕಾಗುವುದಿಲ್ಲ, ಯಾವುದು ಬೇಕು ಅನ್ನುವುದನ್ನು ಅವನೇ ಹೇಳುತ್ತಾನೆ.

ಆದ್ದರಿಂದ ಮಳಿಗೆಯ ಮೊದಲ ಸಾಧನ ಒಂದು ಕಾರ್ಡು, ಅಂಗೈ ಅಗಲದ್ದು. ಹೆಸರು ‘ಬೋಟ್ ಕಾರ್ಡ್’ ಎಂದಿರಲಿ, ಗಿರಾಕಿಯ ಹೆಸರಿನ ಜಾಗ ಕೆಳಗಿರಲಿ. ಬೋಟಿನ ಉದ್ದ, ತಳದ ವಸ್ತು, ಬ್ಯಾಟರಿ 12 ವೋಲ್ಟೋ 24 ವೋಲ್ಟೋ, ಎಷ್ಟು ಆಳದಲ್ಲಿ ಕೆಲಸ, ನಿಲ್ಲುವುದು ಸಮುದ್ರದಲ್ಲೋ ಹಿನ್ನೀರಿನಲ್ಲೋ, ಫಿಟ್ ಮಾಡುವವರು ಯಾರು, ಮುಂದೆ ಬೋಟು ಮೇಲೆತ್ತುವುದು ಯಾವಾಗ. ಏಳೇ ಪ್ರಶ್ನೆ. ಕಾರ್ಡಿನ ಕಾಲಂ ಎರಡಕ್ಕಿಂತ ಹೆಚ್ಚು ಖಾಲಿ ಇದ್ದರೆ ಅವತ್ತು ಫಿಟ್ಟಿಂಗ್ ಸಾಮಾನು ಬಿಲ್ ಮಾಡಬಾರದು ಎಂಬ ಕಟ್ಟುನಿಟ್ಟು ಹುಡುಗರಿಗೆ ಇರಲಿ. ಗಿರಾಕಿ ಹಣ ಹಿಡಿದು ನಿಂತರೂ ಅಷ್ಟೇ. ‘ಫೋನ್ ಮಾಡಿ ತಂಡೇಲನನ್ನು ಕೇಳಿ, ನಾವು ಇಲ್ಲೇ ಇರುತ್ತೇವೆ’ ಅಂದರೆ ಸಾಕು. ಐದು ನಿಮಿಷದಲ್ಲಿ ಉತ್ತರ ಬರುತ್ತದೆ, ಜೊತೆಗೆ ಬೋಟಿನ ತಳದ ಫೋಟೋ ಕೂಡ.

ಮಾತು ಎತ್ತುವುದು ಹೇಗೆ ಎಂದು ಹಲವರು ಕೇಳುತ್ತಾರೆ. ‘ಏನು ಬೇಕು ಸಾರ್?’ ಎಂದು ಕೇಳಿದರೆ ‘ಸುಮ್ಮನೆ ನೋಡ್ತಾ ಇದ್ದೇನೆ’ ಅನ್ನುವ ಉತ್ತರ ಕಟ್ಟಿಟ್ಟದ್ದು, ಅಲ್ಲಿಗೆ ಬಾಗಿಲು ಹಾಕಿದಂತೆ. ಅವನು ಒಂದು ವಸ್ತುವನ್ನು ಕೈಗೆತ್ತಿಕೊಳ್ಳುವವರೆಗೆ ಸುಮ್ಮನಿರಿ. ಆಮೇಲೆ:

‘ಬೋಟು ಮರದ್ದೋ ಫೈಬರೋ?’

‘ಮರದ್ದು. ಅರವತ್ತು ಅಡಿ.’

‘ಹಾಗಾದರೆ ನಿಮ್ಮ ಕೈಯಲ್ಲಿರುವುದು ಬೇಡ. ಅದು ಫೈಬರಿನ ಒಳಗೆ ಅಂಟಿಸುವಂಥದ್ದು. ಇಲ್ಲಿ ನೋಡಿ, ಇದು ಕಂಚಿನದು. ತೂತು ಕೊರೆಯಬೇಕಾಗುತ್ತದೆ, ಅದಕ್ಕೆ ಬೋಟು ಮೇಲೆ ಬರಬೇಕು.’

‘ಈಗ ಸೀಸನ್, ಮೇಲೆ ಎತ್ತೋದು ಎಲ್ಲಿಂದ?’

‘ಈಗ ಕೊಂಡರೆ ಐದು ತಿಂಗಳು ನಿಮ್ಮ ಮನೆಯಲ್ಲಿ ಕೂರುತ್ತದೆ, ವಾರಂಟಿ ಮಾತ್ರ ಓಡುತ್ತಾ ಇರುತ್ತದೆ. ಕೊಟೇಶನ್ ಬರೆದುಕೊಡುತ್ತೇನೆ, ಮೇನಲ್ಲಿ ಮಾತಾಡೋಣ.’

ಈ ಕೊನೆಯ ಮಾತು ಹೇಳಲು ಎದೆಗಾರಿಕೆ ಬೇಕು, ಒಪ್ಪುತ್ತೇನೆ. ಆದರೆ ಅರಬ್ಬಿ ಸಮುದ್ರದ ಕರಾವಳಿಯಲ್ಲಿ ಈ ವ್ಯಾಪಾರದ ಪಂಚಾಂಗವೇ ಹಾಗಿದೆ. ಕರ್ನಾಟಕದಲ್ಲಿ ಯಾಂತ್ರೀಕೃತ ಮೀನುಗಾರಿಕೆಗೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ನಿಷೇಧ. ಕೇರಳದಲ್ಲಿ ಟ್ರಾಲಿಂಗ್ ನಿಷೇಧ ಜೂನ್ 9ರ ಮಧ್ಯರಾತ್ರಿಯಿಂದ ಜುಲೈ 31ರವರೆಗೆ 52 ದಿನ. ದೊಡ್ಡ ಬೋಟುಗಳು ಮೇಲೆ ಬರುವುದು, ತಳ ಕೆರೆಸಿಕೊಳ್ಳುವುದು, ತೂತು ಕೊರೆಸಿಕೊಳ್ಳುವುದು ಆ ದಿನಗಳಲ್ಲಿ. ಜನವರಿಯಲ್ಲಿ ‘ಇವತ್ತು ಮಾತ್ರ’ ಅಂದರೆ ಗಿರಾಕಿಯ ಲೆಕ್ಕಕ್ಕೆ ಅರ್ಥವೇ ಇಲ್ಲ. ಕೊಟೇಶನ್ ಮೇಲೆ ‘ಜುಲೈ 31ರವರೆಗೆ ಇದೇ ದರ’ ಎಂದು ಬರೆದುಕೊಡಿ. ಆಮದು ಸಾಮಾನಿಗೆ ಡಾಲರ್ ಏರಿಳಿತದ ಭಯವಿದ್ದರೆ ಅದನ್ನೂ ಬರೆಯಿರಿ: ದರ ಇಷ್ಟು ಶೇಕಡಕ್ಕಿಂತ ಹೆಚ್ಚು ಏರಿದರೆ ಮಾತ್ರ ತಿಳಿಸಿ ಬದಲಿಸುತ್ತೇವೆ, ಅಂತ. ಕೊಟೇಶನ್ನಿನಲ್ಲಿ ಮೂರು ಸಾಲು ಬೇರೆಬೇರೆ ಇರಬೇಕು: ಸಾಧನ, ಫಿಟ್ಟಿಂಗ್ ಸಾಮಾನು, ಕೂಲಿ. ಜಗಳ ಹುಟ್ಟುವುದು ನಡುವಿನ ಸಾಲಿನಲ್ಲಿ. ಕೇಬಲ್, ಫ್ಯೂಸ್, ಸೀಲಂಟ್, ಬ್ರಾಕೆಟ್ಟು ಸೇರಿ ಎಷ್ಟಾಗುತ್ತದೆ ಎಂದು ಮೇಳದಲ್ಲಿ ಯಾರೂ ಹೇಳುವುದಿಲ್ಲ, ಧಕ್ಕೆಗೆ ಬಂದ ಮೇಲೆ ಗೊತ್ತಾಗುತ್ತದೆ.

ವಯರ್‌ಲೆಸ್ ಸೆಟ್ಟಿನಲ್ಲಿ ಇದು ಕಣ್ಣಿಗೆ ರಾಚುತ್ತದೆ. 25 ವಾಟಿನ ವಿಎಚ್‌ಎಫ್ ಸೆಟ್ಟು ಮಾತಾಡುವಾಗ ಸುಮಾರು 6 ಆಂಪಿಯರ್ ಎಳೆಯುತ್ತದೆ. ಬ್ಯಾಟರಿಯಿಂದ ಸೆಟ್ಟಿಗೆ 6 ಮೀಟರ್ ದೂರ ಎಂದರೆ ಹೋಗಿಬರುವ ತಂತಿ 12 ಮೀಟರ್. 1 ಚದರ ಮಿ.ಮೀ. ಮನೆ ವಯರ್ ಎಳೆದರೆ ದಾರಿಯಲ್ಲೇ 1.2 ವೋಲ್ಟ್ ಸೋರಿಹೋಗುತ್ತದೆ; 4 ಚದರ ಮಿ.ಮೀ. ಹಾಕಿದರೆ 0.3 ವೋಲ್ಟ್. ಇಂಥ ಸೆಟ್ಟುಗಳು 13.8 ವೋಲ್ಟಿಗೆ ಮಾಡಿದವು, 15 ಶೇಕಡ ಕೆಳಗೆ ಅಂದರೆ 11.7ರವರೆಗೆ ಸಹಿಸುತ್ತವೆ. ಎಂಜಿನ್ ನಿಂತು ಬ್ಯಾಟರಿ 12.3ಕ್ಕೆ ಇಳಿದಾಗ, ಅಂದರೆ ಸಹಾಯಕ್ಕೆ ಕರೆಯಬೇಕಾದ ಹೊತ್ತಿನಲ್ಲಿ, ಸಪೂರ ವಯರಿನ ಸೆಟ್ಟು ಬಟನ್ ಒತ್ತಿದ ತಕ್ಷಣ ಸತ್ತುಹೋಗಬಹುದು. ಗಿರಾಕಿ ಬೈಯುವುದು ವಯರನ್ನಲ್ಲ, ನಿಮ್ಮ ಸೆಟ್ಟನ್ನು. ಮಳಿಗೆಯಲ್ಲಿ ಎರಡೂ ವಯರಿನ 12 ಮೀಟರ್ ಸುರುಳಿ, ಒಂದು 72 ವಾಟಿನ ಲೋಡು, ಒಂದು ಮೀಟರು ಇಟ್ಟು ತೋರಿಸಿ. ನೂರು ಮಾತಿಗಿಂತ ಆ ಮೀಟರು ಚೆನ್ನಾಗಿ ಮಾರುತ್ತದೆ, ಅದೂ ದಪ್ಪ ತವರ ಲೇಪದ ವಯರನ್ನೂ ಸೇರಿಸಿ.

‘ಎಷ್ಟು ದೂರ ಹೋಗುತ್ತದೆ?’ ಅನ್ನುವ ಪ್ರಶ್ನೆ ದಿನಕ್ಕೆ ಐವತ್ತು ಸಲ ಬರುತ್ತದೆ. ‘ಐವತ್ತು ಕಿಲೋಮೀಟರ್ ಆರಾಮ್’ ಅನ್ನುವವನು ವಾಪಸಾತಿಯ ಬೀಜ ಬಿತ್ತುತ್ತಿದ್ದಾನೆ. ವಿಎಚ್‌ಎಫ್ ಹೆಚ್ಚುಕಡಿಮೆ ಕಣ್ಣಳತೆಯ ದೂರಕ್ಕೆ ಹೋಗುವಂಥದ್ದು, ವಾಟ್‌ಗಿಂತ ಆಂಟೆನಾದ ಎತ್ತರ ಮುಖ್ಯ. ಎತ್ತರವನ್ನು ಮೀಟರಿನಲ್ಲಿ ತೆಗೆದುಕೊಂಡು ಅದರ ವರ್ಗಮೂಲವನ್ನು 2.2ರಿಂದ ಗುಣಿಸಿದರೆ ನಾಟಿಕಲ್ ಮೈಲು. 4 ಮೀಟರ್ ಎತ್ತರದ ಆಂಟೆನಾಗೆ 4.4, ಎದುರಿನ ಬೋಟಿನದೂ ಅಷ್ಟೇ ಎತ್ತರವಾದರೆ ಎರಡೂ ಕೂಡಿ 9 ಮೈಲಿಗೆ ಹತ್ತಿರ, ಅಂದರೆ ಸುಮಾರು 16 ಕಿಲೋಮೀಟರ್. ದಡದಲ್ಲಿ 100 ಮೀಟರ್ ಎತ್ತರದ ಆಂಟೆನಾ ಇದ್ದರೆ 26 ಮೈಲಿ. ಇದನ್ನೂ ಹಾಳೆಯಲ್ಲಿ ಬರೆದು ಅಂಟಿಸಿ. ಹಾಲ್‌ನೊಳಗೆ ಮಾತ್ರ ಪ್ರಸಾರ ಮಾಡಿ ತೋರಿಸಬೇಡಿ. 156.8 ಮೆಗಾಹರ್ಟ್ಸ್‌ನ ಚಾನೆಲ್ 16 ಆಪತ್ತಿನ ಕರೆಗೆ ಮತ್ತು ಮೊದಲ ಕರೆಗೆ ಮೀಸಲು, ಕೊಚ್ಚಿಯಂಥ ಬಂದರಿನಲ್ಲಿ ಅದರಲ್ಲಿ ಆಟವಾಡುವಂತಿಲ್ಲ. ಆಂಟೆನಾ ಜಾಗದಲ್ಲಿ ಪ್ರಸಾರ ಹೊರಹೋಗದಂತೆ ಹೀರಿಕೊಳ್ಳುವ 50 ಓಮಿನ ಡಮ್ಮಿ ಲೋಡ್ ಹಾಕಿ. ಬೋಟಿನಲ್ಲಿ ಸೆಟ್ಟು ಇಡಲು ದೂರಸಂಪರ್ಕ ಇಲಾಖೆಯ ಲೈಸೆನ್ಸ್ ಬೇಕು ಎಂಬುದನ್ನು ಬಿಲ್ಲಿಗೆ ಮೊದಲೇ ಹೇಳಿ. ಆಪತ್ತಿನ ಕೆಂಪು ಬಟನ್ ಇರುವ ಸೆಟ್ಟಿಗೆ 419ರಿಂದ ಶುರುವಾಗುವ 9 ಅಂಕಿಯ ಗುರುತು ಸಂಖ್ಯೆ ತುಂಬದಿದ್ದರೆ ಆ ಬಟನ್ ಇದ್ದೂ ಇಲ್ಲದಂತೆ.

ಫಿಶ್ ಫೈಂಡರಿನ ಡೆಮೊ ಮೋಡ್ ಕೂಡ ಇಂಥದೇ ಒಂದು ಸಣ್ಣ ಸುಳ್ಳು. ಸಿಮ್ಯುಲೇಟರಿನಲ್ಲಿ ಮೀನು ಬಿಲ್ಲಿನಂತೆ ಬಾಗಿ ಬಾಗಿ ಬರುತ್ತವೆ, ತಳ ಗೆರೆ ಎಳೆದಂತೆ ಇರುತ್ತದೆ. ಆ ಪರದೆಯ ಕೆಳಗೆ ‘ಇದು ಸಿಮ್ಯುಲೇಟರ್’ ಎಂದು ಚೀಟಿ ಅಂಟಿಸಿ. ಈಗಿನ ಬಹಳಷ್ಟು ಸೆಟ್ಟುಗಳಲ್ಲಿ ಸೋನಾರ್ ದಾಖಲೆಯನ್ನು ಮೆಮೊರಿ ಕಾರ್ಡಿಗೆ ಉಳಿಸಬಹುದು. ಮೇಳಕ್ಕೆ ಮೊದಲು ಪರಿಚಯದ ಬೋಟಿನಲ್ಲಿ ಮಲ್ಪೆ ಆಚೆ ಅರ್ಧ ಗಂಟೆ ದಾಖಲಿಸಿ ತನ್ನಿ, ಗುಳ್ಳೆ ಗೀರುಗಳ ಸಮೇತ. ಗೀರು ಬಂದಾಗ ಸೆನ್ಸಿಟಿವಿಟಿ ಇಳಿಸಿ ತೋರಿಸಿ. ಕೆಟ್ಟ ಪರದೆಯನ್ನು ಓದಲು ಕಲಿಸಿದ ಅಂಗಡಿಯನ್ನು ತಂಡೇಲ ಮರೆಯುವುದಿಲ್ಲ.

ಮಳಿಗೆಗೆ ಜನ ಸೇರಿಸಬೇಕಿದ್ದರೆ ನೀರಿಗಿಂತ ದೊಡ್ಡ ಆಕರ್ಷಣೆ ಇಲ್ಲ. 60 ಲೀಟರಿನ ಪಾರದರ್ಶಕ ಡಬ್ಬ, ಅದರಲ್ಲೊಂದು 1100 ಗ್ಯಾಲನ್ನಿನ ಬಿಲ್ಜ್ ಪಂಪು, 2 ಮೀಟರ್ ಕೊಳವೆ, 10 ಲೀಟರ್ ಬಕೆಟ್ಟು, ಒಂದು ಸ್ಟಾಪ್‌ವಾಚ್. 1100 ಅಂದರೆ ಅಮೆರಿಕದ ಗ್ಯಾಲನ್, ಗಂಟೆಗೆ ಸುಮಾರು 4160 ಲೀಟರ್. ಲೆಕ್ಕದ ಪ್ರಕಾರ ಬಕೆಟ್ಟು 9 ಸೆಕೆಂಡಿನಲ್ಲಿ ತುಂಬಬೇಕು. ಆ ಸಂಖ್ಯೆ ನೀರನ್ನು ಒಂದಿಂಚೂ ಮೇಲೆತ್ತದೆ ಅಳೆದದ್ದು. ಕೊಳವೆಯ ಬಾಯನ್ನು 2 ಮೀಟರ್ ಎತ್ತರಕ್ಕೆ ಹಿಡಿದು ಗಿರಾಕಿಯ ಕೈಗೇ ಸ್ಟಾಪ್‌ವಾಚ್ ಕೊಡಿ. ಹೊತ್ತು ಒಂದೂವರೆ ಪಟ್ಟೋ ಎರಡು ಪಟ್ಟೋ ಆಗುತ್ತದೆ, ಒಳಗೆ ಸುಕ್ಕು ಇರುವ ಅಗ್ಗದ ಕೊಳವೆಯಾದರೆ ಇನ್ನೂ ಹೆಚ್ಚು. ಆಮೇಲೆ ಇನ್ನೊಂದು ಲೆಕ್ಕ ಹೇಳಿ: ನೀರಿನ ಮಟ್ಟಕ್ಕಿಂತ 60 ಸೆಂ.ಮೀ. ಕೆಳಗೆ 25 ಮಿ.ಮೀ. ತೂತು ಬಿದ್ದರೆ ಸೆಕೆಂಡಿಗೆ ಸುಮಾರು 1 ಲೀಟರ್ ಒಳಬರುತ್ತದೆ. 2 ಮೀಟರ್ ಎತ್ತಬೇಕಾದ ಈ ಪಂಪಿಗೆ ಅದನ್ನು ಹಿಡಿಯಲು ಆಗುವುದಿಲ್ಲ. ಅಲ್ಲಿಗೆ ನಿಲ್ಲಿಸಿ. ‘ದೊಡ್ಡದು ತಗೊಳ್ಳಿ’ ಎಂದು ನೀವು ಹೇಳಬೇಕಾದ್ದಿಲ್ಲ, ಹೆದರಿಸುವ ಧ್ವನಿಯೂ ಬೇಡ. ಡಬ್ಬದ ಕೆಳಗೆ ತಟ್ಟೆ ಇಡುವುದು ಮರೆಯಬೇಡಿ. ಪಕ್ಕದ ಮಳಿಗೆಯ ಕಾರ್ಪೆಟ್ ನೆನೆದರೆ ಮೂರು ದಿನ ಅವರ ಬೈಗುಳ ಕೇಳಬೇಕು.

ಎಲ್ಲ ಸಾಮಾನಿಗೂ ಇಷ್ಟು ಮಡಿ ಬೇಕಿಲ್ಲ. 316 ದರ್ಜೆಯ ಸ್ಟೀಲ್ ಕ್ಲಾಂಪು, ತವರ ಲೇಪದ ವಯರು, ಫ್ಯೂಸು, ಟಾರ್ಚು, ಲೈಫ್ ಜಾಕೆಟ್ಟು ಇವನ್ನು ಕಣ್ಣಿಗೆ ಕಾಣುವಂತೆ ಬೆಲೆ ಬರೆದಿಟ್ಟು ಧಾರಾಳವಾಗಿ ಮಾರಿ, ದಿನದ ಖರ್ಚು ಇದರಲ್ಲೇ ಒಂದಷ್ಟು ಹುಟ್ಟುತ್ತದೆ. ಜಾಕೆಟ್ಟನ್ನು ಮಾತ್ರ ತೊಡಿಸಿ ನೋಡಿಯೇ ಕೊಡಿ: ಪಟ್ಟಿ ಬಿಗಿದ ಮೇಲೆ ಹೆಗಲ ಬಳಿ ಹಿಡಿದು ಮೇಲಕ್ಕೆಳೆದರೆ ಅದು ಗಲ್ಲ, ಕಿವಿ ದಾಟಿ ಬರಬಾರದು. ಆನೋಡಿನಲ್ಲಿ ಒಂದು ಪ್ರಶ್ನೆ ಕಡ್ಡಾಯ. ಕೊಚ್ಚಿಗೆ ಆಲಪ್ಪುಳದ ಹೌಸ್‌ಬೋಟ್ ಮಾಲೀಕರು ಬಂದೇ ಬರುತ್ತಾರೆ. ನಿಮ್ಮಲ್ಲಿ ರಾಶಿ ಬಿದ್ದಿರುವ ಸತುವಿನ ಆನೋಡು ಉಪ್ಪುನೀರಿಗೆ ಸರಿ, ಹಿನ್ನೀರಿನ ಸಪ್ಪೆ ನೀರಿನಲ್ಲಿ ಅದರ ಮೇಲೆ ಪೊರೆ ಕಟ್ಟಿ ಕೆಲಸ ನಿಲ್ಲಿಸುತ್ತದೆ. ನೋಡುವವನಿಗೆ ಸವೆಯದೆ ಹೊಸದರಂತೆಯೇ ಇರುತ್ತದೆ, ‘ಒಳ್ಳೇ ಮಾಲು’ ಎಂದು ಹೊಗಳುತ್ತಾನೆ, ಒಳಗೆ ಶಾಫ್ಟು ತಿನ್ನಿಸಿಕೊಳ್ಳುತ್ತಿರುತ್ತದೆ. ಅವನಿಗೆ ಅಲ್ಯೂಮಿನಿಯಂ ಬೇಕು. ನಿಮ್ಮಲ್ಲಿಲ್ಲದಿದ್ದರೆ ಎರಡು ಮಳಿಗೆ ಆಚೆ ತೋರಿಸಿ.

ಬೇಡ ಎನ್ನಬೇಕಾದ ಇನ್ನೊಂದು ಸಂದರ್ಭ. ಮೀನುಗಾರರೊಬ್ಬರು ಬೋಟಿನ ಸ್ಥಾನ ತಿಳಿಸುವ ಟ್ರಾನ್ಸ್‌ಪಾಂಡರ್ ಕೇಳಿಕೊಂಡು ಬಂದರೆ, ಪ್ರಧಾನಮಂತ್ರಿ ಮತ್ಸ್ಯ ಸಂಪದ ಯೋಜನೆಯಡಿ 1 ಲಕ್ಷ ಮೀನುಗಾರಿಕಾ ಬೋಟುಗಳಿಗೆ ಇಸ್ರೋ ತಂತ್ರಜ್ಞಾನದ ಟ್ರಾನ್ಸ್‌ಪಾಂಡರ್ ಉಚಿತವಾಗಿ ಹಾಕಿಸುವ ಕಾರ್ಯಕ್ರಮ ಇರುವುದನ್ನು ಮೊದಲು ಹೇಳಿ. ಅದು ಬೋಟು ಎಲ್ಲಿದೆ ಎಂದು ಸುತ್ತಲಿನ ಹಡಗುಗಳಿಗೆ ತೋರಿಸುವ ಎಐಎಸ್‌ಗೆ ಪೂರ್ತಿ ಬದಲಿಯಲ್ಲ, ನಿಜ. ಆ ವ್ಯತ್ಯಾಸವನ್ನೂ ವಿವರಿಸಿ, ತೀರ್ಮಾನ ಅವರದು. ಮೀನುಗಾರಿಕಾ ಇಲಾಖೆಯಲ್ಲಿ ಪುಕ್ಕಟೆ ಸಿಗುತ್ತಿತ್ತು ಎಂದು ಆಮೇಲೆ ಗೊತ್ತಾದರೆ ನಿಮ್ಮ ಅಂಗಡಿಯ ಹೆಸರು ಧಕ್ಕೆಯ ತುಂಬ ಒಂದೇ ದಿನದಲ್ಲಿ ಹಬ್ಬುತ್ತದೆ, ಬೇಡದ ಕಾರಣಕ್ಕೆ.

ಇಲಾಖೆಗಳ ಅಧಿಕಾರಿಗಳಿಗೆ ಗಂಟುಬಿದ್ದು ಪ್ರಯೋಜನವೇ ಇಲ್ಲ. ಅವರ ಖರೀದಿ ಸರ್ಕಾರದ ಆನ್‌ಲೈನ್ ಖರೀದಿ ತಾಣವಾದ ಜೆಮ್ ಪೋರ್ಟಲ್ ಅಥವಾ ಟೆಂಡರ್ ಮೂಲಕ. ಅವರಿಗೆ ಬೇಕಾದ್ದು ಅಳತೆ, ವೋಲ್ಟೇಜು, ಪ್ರಮಾಣಪತ್ರ, ಜಿಎಸ್‌ಟಿಯ ಎಚ್‌ಎಸ್‌ಎನ್ ಸಂಖ್ಯೆ ಇರುವ ಒಂದು ಹಾಳೆ. ಕೊಟ್ಟು ಕಳಿಸಿ.

ಈಗ ಹುಡುಗರ ವಿಷಯ. ಕಳೆದ ವರ್ಷದ ತಪ್ಪು ಅವರದಲ್ಲ. ದಿನದ ಕಮಿಷನ್ ಕೊಟ್ಟರೆ ದಿನದೊಳಗೆ ಮುಗಿಸುವ ಮಾತೇ ಬಾಯಿಗೆ ಬರುತ್ತದೆ. ಈ ಸಲ ಗಟ್ಟಿ ದಿನಗೂಲಿ, ಊಟ, ವಸತಿ ಕೊಡಿ. ಬೋನಸ್ಸನ್ನು ಆಗಸ್ಟ್ 15ಕ್ಕೆ ಲೆಕ್ಕ ಹಾಕಿ: ಅವರು ತುಂಬಿದ ಬೋಟ್ ಕಾರ್ಡಿನಿಂದ ಹುಟ್ಟಿ, ಫಿಟ್ ಆಗಿ, ವಾಪಸ್ ಬರದೆ ಉಳಿದ ಮಾರಾಟಕ್ಕೆ ಮಾತ್ರ. ಮೂವರಿರಲಿ, ಒಂದು ಹೊತ್ತಿಗೆ ಇಬ್ಬರು ಮಳಿಗೆಯಲ್ಲಿ, ಒಬ್ಬ ವಿಶ್ರಾಂತಿಯಲ್ಲಿ. ದಣಿದವನು ಒಂದೋ ಮೊಬೈಲು ನೋಡುತ್ತಾನೆ, ಇಲ್ಲ ಗಿರಾಕಿಯ ಮೇಲೆ ಬೀಳುತ್ತಾನೆ. ಮೂವರಲ್ಲಿ ಒಬ್ಬನಾದರೂ ಕೈಯಾರೆ ಫಿಟ್ ಮಾಡಿದವನಿರಬೇಕು. ಇನ್ನೊಬ್ಬ ಬ್ಯಾರಿ ಮಾತಾಡುವವನಾದರೆ ಕೊಚ್ಚಿಯಲ್ಲಿ ಮಲಯಾಳದ ಅರ್ಧ ಕೆಲಸ ಸಲೀಸು. ಮಂಗಳೂರಿನವರಿಗೆ ಇರುವ ಈ ಅನುಕೂಲವನ್ನು ಯಾಕೋ ಯಾರೂ ಬಳಸುವುದಿಲ್ಲ. ಮಳಿಗೆಯ ಬಾಯಿಗೆ ಅಡ್ಡಲಾಗಿ ಮೇಜು ಹಾಕಿ ಅದರ ಹಿಂದೆ ಕೂರಬೇಡಿ. ಮೇಜು ಗೋಡೆಗೆ, ನಡುವೆ ಇಬ್ಬರು ತಿರುಗಾಡುವಷ್ಟು ಜಾಗ, ಬಂದವರಿಗೆ ಎರಡು ಕುರ್ಚಿ.

ದರ ಮೊದಲ ದಿನ ಬೆಳಿಗ್ಗೆಯದೇ ಕೊನೆಯ ದಿನ ಸಂಜೆಗೂ ಇರಬೇಕು. ಕೊನೇ ಗಂಟೆಯಲ್ಲಿ ಇಳಿಸಿದರೆ ಮೊದಲ ದಿನ ಕೊಂಡವನಿಗೆ ವಾಟ್ಸಾಪ್‌ನಲ್ಲಿ ಸುದ್ದಿ ಮುಟ್ಟುತ್ತದೆ. ಇಳಿಸಲು ನಿಜವಾದ ಕಾರಣವಿದ್ದರೆ, ಅಂದರೆ ಡೆಮೊಗೆ ಬಳಸಿದ ಪೀಸಾಗಿದ್ದರೆ, ಅದರ ಮೇಲೇ ‘ಡೆಮೊ ಪೀಸ್, ಇಷ್ಟು ಗಂಟೆ ಓಡಿದೆ’ ಎಂದು ಬರೆದು ಮೊದಲ ದಿನದಿಂದಲೇ ಇಡಿ.

ವಾಪಸಾತಿಯ ಷರತ್ತನ್ನು ಬಿಲ್ಲಿನ ಮೇಲೆ ಕನ್ನಡ, ಮಲಯಾಳ ಎರಡರಲ್ಲೂ ಅಚ್ಚು ಹಾಕಿಸಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ದೋಷವಿರುವ ವಸ್ತುವನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಏನೂ ಹೇಳಿರದಿದ್ದರೆ 30 ದಿನದೊಳಗೆ, ವಾಪಸ್ ಪಡೆದು ಹಣ ಕೊಡಲು ಒಪ್ಪದಿರುವುದು ಅನುಚಿತ ವ್ಯಾಪಾರ. ‘ಮೇಳದಲ್ಲಿ ಕೊಂಡದ್ದಕ್ಕೆ ವಾಪಸಾತಿ ಇಲ್ಲ’ ಎಂಬ ಬೋರ್ಡು ಅದನ್ನು ಅಳಿಸುವುದಿಲ್ಲ. ಹೊಟ್ಟೆಪಾಡಿಗಾಗಿ ಸ್ವಂತ ಬೋಟು ನಡೆಸುವ ಮೀನುಗಾರನೂ ಈ ಕಾಯ್ದೆಯ ಕಣ್ಣಿನಲ್ಲಿ ಗ್ರಾಹಕನೇ. ದೋಷವಿಲ್ಲದೆ ಮನಸ್ಸು ಬದಲಾಯಿಸಿದವನಿಗೆ ಇಲ್ಲಿ ಕಾನೂನಿನ ರಕ್ಷಣೆ ಕಡಿಮೆ. ಅಮೆರಿಕದಲ್ಲಾದರೆ ಮೇಳದಂಥ ತಾತ್ಕಾಲಿಕ ಜಾಗದಲ್ಲಿ 130 ಡಾಲರ್ ಮತ್ತು ಮೇಲ್ಪಟ್ಟ ಖರೀದಿಯನ್ನು ಮೂರು ವ್ಯವಹಾರ ದಿನದೊಳಗೆ ರದ್ದು ಮಾಡುವ ನಿಯಮವಿದೆ. ನೀವೇ ಅದಕ್ಕಿಂತ ಉದಾರವಾಗಿ, ಸೀಲ್ ಒಡೆಯದ ಸಾಮಾನಿಗೆ 30 ದಿನ ಕೊಡಿ. ಅಂಟು ಹಾಕಿ ಕೂರಿಸಿದ ಟ್ರಾನ್ಸ್‌ಡ್ಯೂಸರ್, ಊದಿಸಿ ನೋಡಿದ ಜಾಕೆಟ್ಟು ಇದರಿಂದ ಹೊರಗೆ ಎಂದೂ ಬರೆಯಿರಿ.

ಖರ್ಚು ಹುಟ್ಟೀತೇ ಎಂದು ಕೇಳಿದ್ದೀರಿ. ಮೂರು ದಿನದ ಗಲ್ಲಾ ಲೆಕ್ಕದಲ್ಲಿ ಬಹುಶಃ ಇಲ್ಲ. ಆ ಲೆಕ್ಕ ಹಿಡಿದರೆ ಎರಡನೇ ದಿನ ಮಧ್ಯಾಹ್ನದ ಹೊತ್ತಿಗೆ ನಿಮಗೇ ತಳಮಳ ಶುರುವಾಗಿ ಹುಡುಗರ ಕಿವಿ ಹಿಂಡುತ್ತೀರಿ. ಮಳಿಗೆ ಬಾಡಿಗೆ, ಸಾಗಣೆ, ಕೂಲಿಯ ಮೊತ್ತವನ್ನು ಬೋಟ್ ಕಾರ್ಡುಗಳ ಕಟ್ಟಿನ ಎದುರು ಇಟ್ಟು ಆಗಸ್ಟ್‌ವರೆಗೆ ಕಾಯಿರಿ. ಪೂರ್ತಿ ತುಂಬಿದ ನಲವತ್ತು ಕಾರ್ಡು, ನಾನೂರು ವಿಸಿಟಿಂಗ್ ಕಾರ್ಡಿಗಿಂತ ಮೇಲು.

ಮೇಳ ಮುಗಿದ ಮೂರು ದಿನದೊಳಗೆ, ಫೋನ್ ನಂಬರ್ ಕೊಡುವಾಗ ‘ಮೆಸೇಜ್ ಮಾಡಬಹುದು’ ಅಂದವರಿಗೆ ಮಾತ್ರ, ಅವರ ಬೋಟಿನ ವಿವರ ಮತ್ತು ಕೊಟೇಶನ್ ಕಳಿಸಿ. ಮಳಿಗೆಯಲ್ಲಿ ‘ನೋಡಿ ಹೇಳುತ್ತೇನೆ’ ಅಂದದ್ದೇನಾದರೂ ಇದ್ದರೆ ಅದರ ಉತ್ತರವೂ ಅದರಲ್ಲೇ ಇರಲಿ. ಫೆಬ್ರವರಿ, ಮಾರ್ಚ್, ಏಪ್ರಿಲ್ ಸುಮ್ಮನಿರಿ, ಹಬ್ಬದ ಶುಭಾಶಯದ ಚಿತ್ರವೂ ಬೇಡ. ಮೇ ಮೊದಲ ವಾರ ಕಾರ್ಡಿನ ಕಟ್ಟು ತೆಗೆದು, ಬೋಟು ಮೇಲೆತ್ತುವ ತಾರೀಕಿನ ಪ್ರಕಾರ ಜೋಡಿಸಿಕೊಂಡು ಒಂದೊಂದೇ ಕರೆ ಮಾಡಿ. ಕೊಟೇಶನ್ ನೆನಪಿಸುವ ಅಗತ್ಯವಿಲ್ಲ, ‘ಬೋಟು ಮೇಲೆ ಬರೋದು ಯಾವತ್ತು?’ ಎಂದು ಕೇಳಿ. ತಾರೀಕು ಹೇಳಿದವನ ಬೋಟಿಗೆ, ಡ್ರಿಲ್ಲು ಹಿಡಿಯುವ ಮೊದಲು, ಹುಡುಗ ಟೇಪು ಹಿಡಿದು ಹೋಗಲಿ.